ಸೀಸದ ಸಾಲು, ಬೆರಳ ಮಾತು: ವಾಷಿಂಗ್ಟನ್ ಸುತ್ತ ಐದು ದಿನ

ಮೊದಲ ದಿನ, ಮಂಗಳವಾರ

"ಚಿಕ್ಕಮ್ಮ, ಮೊದಲು ಎಲ್ಲಿಗೆ? ವೈಟ್ ಹೌಸಾ, ಮ್ಯೂಸಿಯಮ್ಮಾ?" ಎಂದು ಅಕ್ಕನ ಮಗ ಕೇಳಿದ. ಉತ್ತರವನ್ನು ನಾನು ಹಾಸನದಿಂದಲೇ ಕಟ್ಟಿಕೊಂಡು ಬಂದಿದ್ದೆ. "ಗ್ಯಾಲಡೆಟ್‌ಗೆ ಕರ್ಕೊಂಡು ಹೋಗು. ಕಿವುಡರ ವಿಶ್ವವಿದ್ಯಾಲಯ. ಆಮೇಲೆ ಅಲ್ಲಿನವರು ದುಡಿದ ಪ್ರೆಸ್ಸುಗಳ ಜಾಗ ನೋಡಬೇಕು." ಅವನು ಒಂದು ಕ್ಷಣ ನನ್ನ ಮುಖ ನೋಡಿ, "ತಾತನಿಗೋಸ್ಕರನಾ?" ಅಂದ.

ಅವನು ತಾತ ಅನ್ನುವುದು ನನ್ನ ಚಿಕ್ಕಪ್ಪನನ್ನು. ಚಿಕ್ಕಪ್ಪನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಅಪ್ಪ ಹಾಸನದ ಒಂದು ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸುತ್ತಿದ್ದರು. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕು, ಜಾತ್ರೆಯ ಪೋಸ್ಟರು. ಚಿಕ್ಕಪ್ಪ ಅದೇ ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ಟ್ರೆಡಲ್ ಎಂಬ ಕಾಲುಯಂತ್ರ ತುಳಿದರು, ಕಾಗದ ಕೊಟ್ಟರು, ಮಡಿಸಿದರು, ಹೊಲಿದರು. ಮೊಳೆಗಳನ್ನು ಖಾನೆ ಖಾನೆಯಾಗಿ ಇಡುವ ಕೇಸಿನ ಮುಂದೆ ನಿಲ್ಲಲು ಮಾತ್ರ ಮಾಲೀಕರು ಬಿಡಲಿಲ್ಲ. ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಕರಡು ತಿದ್ದುವ ಪದ್ಧತಿ ಆಗ. ಕೇಳದವನು ಪ್ರೂಫ್ ಹೇಗೆ ತಿದ್ದುತ್ತಾನೆ ಎಂಬುದು ಅವರ ವಾದ. ಮೈಸೂರಿನಲ್ಲಿ ಕಿವುಡ ಮಕ್ಕಳ ಶಾಲೆ ಇದೆಯೆಂದು ಮನೆಯಲ್ಲಿ ಗೊತ್ತಾಗುವ ಹೊತ್ತಿಗೆ ಚಿಕ್ಕಪ್ಪನಿಗೆ ಮೀಸೆ ಬಂದಿತ್ತು. ಸವೆದ ಮೊಳೆಗಳನ್ನು ಅಪ್ಪ ಜೇಬಿನಲ್ಲಿ ಮನೆಗೆ ತಂದು, ರಾತ್ರಿ ಊಟವಾದ ಮೇಲೆ ತಮ್ಮನ ಅಂಗೈ ಮೇಲೆ ಒಂದೊಂದಾಗಿ ಇಟ್ಟು ಅಕ್ಷರ ಕಲಿಸಿದರು.

ಕೆಲವು ವರ್ಷದ ಹಿಂದೆ ನಾನೊಂದು ಸಂಗತಿ ಓದಿದೆ. ಅಮೆರಿಕದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಕಿವುಡರಿಗೆ ಎಲ್ಲಕ್ಕಿಂತ ಗೌರವದ, ಒಳ್ಳೆಯ ಸಂಬಳದ ಕೆಲಸವೆಂದರೆ ಮೊಳೆ ಜೋಡಿಸುವುದೇ ಆಗಿತ್ತಂತೆ. ಅಂದಿನಿಂದ ಆ ಜಾಗಗಳನ್ನು ಕಣ್ಣಾರೆ ನೋಡಬೇಕೆಂಬ ಹಟ ಹಿಡಿಯಿತು.

ವಾಷಿಂಗ್ಟನ್ ಪಕ್ಕದ ಸಿಲ್ವರ್ ಸ್ಪ್ರಿಂಗ್‌ನಿಂದ ಮೆಟ್ರೋದ ಕೆಂಪು ಲೈನ್ ಹತ್ತಿದರೆ ಇಳಿಯುವ ನಿಲ್ದಾಣದ ಹೆಸರಿನಲ್ಲೇ ಗ್ಯಾಲಡೆಟ್ ಇದೆ. ಅಲ್ಲಿಂದ ಹತ್ತು ಹದಿನೈದು ನಿಮಿಷದ ನಡಿಗೆ. ಗೇಟು ದಾಟಿದ ಮೇಲೆ ನನ್ನನ್ನು ಮೊದಲು ತಟ್ಟಿದ್ದು ಅಲ್ಲಿನ ಮಾತುಕತೆ. ಹುಡುಗ ಹುಡುಗಿಯರು ರಸ್ತೆಯ ಆ ಬದಿಯಿಂದ ಈ ಬದಿಗೆ ಕೈಯಲ್ಲೇ ಹರಟುತ್ತಿದ್ದರು. ಹಾಸನದ ಸಂತೆಯಲ್ಲಿ ಕೂಗಿದರೂ ಕೇಳದಷ್ಟು ದೂರದಿಂದ ಇವರು ಆರಾಮಾಗಿ ಜೋಕು ಹೇಳಿ ನಗಿಸುತ್ತಿದ್ದರು.

1857ರಲ್ಲಿ ಇಲ್ಲಿ ಶುರುವಾದ ಶಾಲೆಗೆ ಜಾಗ ಮತ್ತು ಮನೆ ಕೊಟ್ಟವರು ಆಮೋಸ್ ಕೆಂಡಲ್. ದೇಶದ ಪೋಸ್ಟ್‌ಮಾಸ್ಟರ್ ಜನರಲ್ ಆಗಿದ್ದವರು, ಅದಕ್ಕೂ ಮೊದಲು ಪತ್ರಿಕಾ ಸಂಪಾದಕರು. 1864ರಲ್ಲಿ ಪದವಿ ಕೊಡುವ ಅಧಿಕಾರಕ್ಕೆ ಸಹಿ ಹಾಕಿದವರು ಲಿಂಕನ್. ಆವರಣದಲ್ಲಿ ಒಂದು ಕಂಚಿನ ಪ್ರತಿಮೆ ಇದೆ. ಥಾಮಸ್ ಗ್ಯಾಲಡೆಟ್ ಮೇಷ್ಟ್ರು ಪುಟ್ಟ ಆಲಿಸ್ ಕಾಗ್ಸ್‌ವೆಲ್‌ಗೆ ಮುಷ್ಟಿ ಹಿಡಿದು ಬೆರಳಿನಲ್ಲಿ 'ಎ' ಅಕ್ಷರ ತೋರಿಸುತ್ತಿದ್ದಾರೆ, ಹುಡುಗಿಯೂ ತನ್ನ ಕೈಯಲ್ಲಿ ಅದನ್ನೇ ಹಿಡಿದಿದ್ದಾಳೆ. 1889ರಲ್ಲಿ ಇದನ್ನು ಮಾಡಿದ ಡೇನಿಯಲ್ ಚೆಸ್ಟರ್ ಫ್ರೆಂಚ್ ಅವರೇ ಮುಂದೆ ಲಿಂಕನ್ ಸ್ಮಾರಕದ ಕೂತ ಲಿಂಕನ್ನನನ್ನೂ ರೂಪಿಸಿದರು. ನಾನು ಅದರ ಮುಂದೆ ಬಹಳ ಹೊತ್ತು ನಿಂತೆ. ಮೇಷ್ಟ್ರು, ಮಗು, ನಡುವೆ ಒಂದೇ ಒಂದು ಅಕ್ಷರ. ನಮ್ಮ ಮನೆಯ ಜಗಲಿಯ ಚಿತ್ರವೂ ಇಷ್ಟೇ.

ಎರಡನೆಯ ದಿನ, ಬುಧವಾರ

ಇಡೀ ದಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಹಳೆಯ ಪತ್ರಿಕೆಗಳ ನಡುವೆ ಕಳೆಯಿತು.

ಅಮೆರಿಕದ ಮೊದಲ ಕಾಯಂ ಕಿವುಡರ ಶಾಲೆ ಹಾರ್ಟ್‌ಫರ್ಡ್‌ನಲ್ಲಿ 1817ರಲ್ಲಿ ಶುರುವಾಯಿತು. ಥಾಮಸ್ ಗ್ಯಾಲಡೆಟ್ ಜೊತೆಗೆ ಅದನ್ನು ಕಟ್ಟಿದವರು ಪ್ಯಾರಿಸ್ಸಿನಿಂದ ಬಂದ ಕಿವುಡ ಮೇಷ್ಟ್ರು ಲಾರೆಂಟ್ ಕ್ಲರ್ಕ್. ಮುಂದೆ ಒಂದೊಂದೇ ರಾಜ್ಯದಲ್ಲಿ ಶಾಲೆ ಎದ್ದಿತು. ಹುಡುಗರಿಗೆ ಬಡಗಿ ಕೆಲಸ, ಚಪ್ಪಲಿ ಹೊಲಿಯುವುದು, ಹುಡುಗಿಯರಿಗೆ ಸೂಜಿ ದಾರ. 1849ರಲ್ಲಿ ನಾರ್ತ್ ಕ್ಯಾರೊಲೈನಾದ ಶಾಲೆ ಒಂದು ಪ್ರೆಸ್ಸು ಹಾಕಿ, ಮಕ್ಕಳ ಕೈಯಲ್ಲೇ ಮೊಳೆ ಜೋಡಿಸಿ ಪತ್ರಿಕೆ ಹೊರತಂದಿತು. ಅದನ್ನು ನೋಡಿ ಉಳಿದ ಶಾಲೆಗಳೂ ಹಿಡಿದವು. ಶಾಲೆಯಿಂದ ಶಾಲೆಗೆ ಪತ್ರಿಕೆಗಳ ವಿನಿಮಯ ನಡೆಯಿತು. ಆ ಬಳಗಕ್ಕೆ 'ಪುಟ್ಟ ಪತ್ರಿಕೆಗಳ ಕುಟುಂಬ' ಎಂದೇ ಹೆಸರಾಯಿತು. ಯಾರಿಗೆ ಮದುವೆಯಾಯಿತು, ಯಾರಿಗೆ ಯಾವ ಊರಿನ ಪ್ರೆಸ್ಸಿನಲ್ಲಿ ಕೆಲಸ ಸಿಕ್ಕಿತು, ಯಾರು ತೀರಿಕೊಂಡರು, ಎಲ್ಲ ಸುದ್ದಿಯೂ ಅದರಲ್ಲಿ. ಟೆಲಿಫೋನು ಬಂದರೂ ಪ್ರಯೋಜನವಿಲ್ಲದ ಜನರಿಗೆ ಇದು ಅಂಚೆಯಲ್ಲಿ ಬರುವ ಅರಳಿಕಟ್ಟೆ.

ಇವುಗಳಲ್ಲೆಲ್ಲ ಹೆಸರು ಮಾಡಿದ್ದು ನ್ಯೂಜೆರ್ಸಿಯ ಟ್ರೆಂಟನ್ ಶಾಲೆಯ 'ಸೈಲೆಂಟ್ ವರ್ಕರ್', ಮೌನ ಕಾರ್ಮಿಕ. 1888ರಿಂದ 1929ರವರೆಗೆ ನಡೆಯಿತು. ಪುಟ ತಿರುಗಿಸುತ್ತಾ ಹೋದಂತೆ ನನಗೆ ಮಾತೇ ಹೊರಡಲಿಲ್ಲ. ಚೊಕ್ಕಟವಾದ ಅಂಚು, ಎಲ್ಲೂ ಜೋತುಬೀಳದ ಸಾಲು, ಮಸಿ ಎಲ್ಲೂ ಹರಡದ ಫೋಟೋಗಳು. ಕಿವುಡ ಫೋಟೋಗ್ರಾಫರ್ ಅಲೆಕ್ಸಾಂಡರ್ ಪ್ಯಾಕ್ ಬರೆಯುತ್ತಿದ್ದ ಅಂಕಣ ಸಂಚಿಕೆಯಿಂದ ಸಂಚಿಕೆಗೆ ಬರುತ್ತದೆ. ಇದನ್ನು ಅಚ್ಚು ಹಾಕಿದವರು ಶಾಲೆಯ ಹುಡುಗರು ಎಂದರೆ ಅಪ್ಪ ನಂಬುತ್ತಿರಲಿಲ್ಲ, ಮೊಳೆಯ ಒತ್ತು ಎಷ್ಟು ಬಿದ್ದಿದೆ ನೋಡಲು ಪುಟವನ್ನು ತಿರುಗಿಸಿ ಬೆನ್ನು ಸವರುತ್ತಿದ್ದರು.

ಎಡ್ಮಂಡ್ ಬೂತ್ ಎಂಬುವರ ಕಥೆಯನ್ನು ಪೂರ್ತಿ ಬರೆದುಕೊಂಡೆ. 1810ರಲ್ಲಿ ಹುಟ್ಟಿದವರು, ಹಾರ್ಟ್‌ಫರ್ಡ್ ಶಾಲೆಯಲ್ಲಿ ಓದಿ ಅಲ್ಲೇ ಪಾಠ ಹೇಳಿದವರು. ಅಯೋವಾದ ಕಾಡುನಾಡಿಗೆ ಹೋದರು, 1849ರಲ್ಲಿ ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾ ಮುಟ್ಟಿದರು, ತಿರುಗಿ ಬಂದು ಅನಮೋಸಾ ಊರಿನ 'ಯುರೇಕಾ' ಪತ್ರಿಕೆಯ ಸಂಪಾದಕರಾದರು. ಗುಲಾಮಗಿರಿಯ ವಿರುದ್ಧ ಬರೆದರು. ಓದುಗರೆಲ್ಲ ಕೇಳುವವರು, ಬರೆಯುವವರು ಕಿವುಡರು. 1880ರಲ್ಲಿ ಸಿನ್ಸಿನಾಟಿಯಲ್ಲಿ ಕಿವುಡರ ರಾಷ್ಟ್ರೀಯ ಸಂಘ ಹುಟ್ಟಿದ ಸಭೆಯಲ್ಲೂ ಈ ಮುದುಕರು ಮುಂದಾಳು. ಅದೇ ವರ್ಷ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರು, ಶಾಲೆಗಳಲ್ಲಿ ಸನ್ನೆ ಭಾಷೆ ಬೇಡವೆಂದು ಠರಾವು ಹಾಕಿದರು. ಅಲ್ಲಿಂದ ಮುಂದೆ ಎಷ್ಟೋ ಶಾಲೆಗಳ ತರಗತಿಯಲ್ಲಿ ಕೈ ಎತ್ತಿದ ಮಕ್ಕಳಿಗೆ ಶಿಕ್ಷೆ.

ಸಂಜೆ ಹೊರಡುವ ಮುನ್ನ ಅಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು, ಕಿವುಡರೇ, ನಾನು ಏನು ಹುಡುಕುತ್ತಿದ್ದೇನೆಂದು ಚೀಟಿಯಲ್ಲಿ ಬರೆದು ಕೇಳಿದರು. ಬರೆದು ತೋರಿಸಿದೆ. ಅವರ ಮುಖ ಅರಳಿತು. ಅಮೆರಿಕದ ಸನ್ನೆ ಭಾಷೆಯಲ್ಲಿ 'ಪತ್ರಿಕೆ' ಅನ್ನುವುದು ಹೇಗೆಂದು ಮಾಡಿ ತೋರಿಸಿದರು. ಎಡ ಅಂಗೈ ಚಾಚಿ, ಅದರ ಮೇಲೆ ಬಲಗೈಯ ಹೆಬ್ಬೆರಳು ತೋರುಬೆರಳನ್ನು ಎರಡು ಸಲ ಚಿವುಟಿದರು. ಮೊಳೆ ಎತ್ತಿ, ಸಾಲು ಜೋಡಿಸುವ ಸ್ಟಿಕ್ಕಿಗೆ ಇಡುವ ಕೈ! ಮೊಳೆಗಳೆಲ್ಲ ಕರಗಿ ಹೋದರೂ ಸನ್ನೆ ಮಾತ್ರ ಉಳಿದುಕೊಂಡಿದೆ.

ನನಗೆ ಅಲ್ಲೇ ಕೂರಬೇಕಾಯಿತು. ನಮ್ಮ ಚಿಕ್ಕಪ್ಪನಿಗೆ ಯಾವ ಶಾಲೆಯ ಸನ್ನೆಯೂ ಬರುವುದಿಲ್ಲ, ಮನೆಯೊಳಗೆ ಹುಟ್ಟಿದ ಸನ್ನೆಗಳಷ್ಟೇ. ಅದರಲ್ಲಿ 'ಅಣ್ಣ', ಅಂದರೆ ನನ್ನ ಅಪ್ಪ, ಎಂದರೆ ಎಡ ಅಂಗೈ ಚಾಚಿ ಬಲಗೈ ಬೆರಳಲ್ಲಿ ಅದರ ಮೇಲೆ ಚಿವುಟಿದ ಹಾಗೆ ಮಾಡುವುದು. ಇಷ್ಟೇ, ಹೀಗೇ.

ಮೂರನೆಯ ದಿನ, ಗುರುವಾರ

ನಾರ್ತ್ ಕ್ಯಾಪಿಟಲ್ ಬೀದಿಯಲ್ಲಿ ಸರ್ಕಾರಿ ಮುದ್ರಣಾಲಯದ ಕೆಂಪು ಇಟ್ಟಿಗೆಯ ಕಟ್ಟಡ. 1861ರ ಮಾರ್ಚ್ 4ರಂದು, ಲಿಂಕನ್ ಅಧಿಕಾರ ಸ್ವೀಕರಿಸಿದ ದಿನವೇ ಶುರುವಾದ ಮುದ್ರಣಾಲಯ ಇದು. ಹೊರಗಿನಿಂದ ನೋಡಿದರೆ ಹಳೆಯ ಬಟ್ಟೆ ಗಿರಣಿಯ ಹಾಗಿದೆ. ಕಾಂಗ್ರೆಸ್ಸಿನಲ್ಲಿ, ಅಂದರೆ ಅಲ್ಲಿನ ಸಂಸತ್ತಿನಲ್ಲಿ, ಹಗಲು ಆಡಿದ ಮಾತು ರಾತ್ರಿ ಇಲ್ಲಿ ಸೀಸಕ್ಕಿಳಿದು ಬೆಳಿಗ್ಗೆ ಪುಸ್ತಕವಾಗುತ್ತಿತ್ತು. ಆ ರಾತ್ರಿಪಾಳಿಗಳಲ್ಲಿ ಕಿವುಡರೂ ಇದ್ದರು.

ಇಲ್ಲಿಗೆ ಕಾಲಿಡುವುದು ಅವರಿಗೆ ಸುಲಭವಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆ ಬರೆಯಲು ಕಿವುಡರಿಗೆ ಅವಕಾಶವೇ ಇಲ್ಲವೆಂದು ನಿಯಮ ಮಾಡಿದ್ದರು. ಕಿವುಡರ ಸಂಘದ ಅಧ್ಯಕ್ಷ ಜಾರ್ಜ್ ವೆಡಿಟ್ಸ್ ಮತ್ತು ಅವರ ಜೊತೆಯವರು ಪತ್ರದ ಮೇಲೆ ಪತ್ರ ಬರೆದರು. ಪುಟ್ಟ ಪತ್ರಿಕೆಗಳೆಲ್ಲ ದನಿಗೂಡಿಸಿದವು. 1908ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಆ ತಡೆಯನ್ನು ತೆಗೆದರು. ತಮ್ಮ ಜಗಳವನ್ನು ತಾವೇ ಅಚ್ಚು ಹಾಕಿ ಹಂಚಬಲ್ಲವರಾಗಿದ್ದರಿಂದ ಅವರಿಗೆ ಗೆಲುವು ಸಾಧ್ಯವಾಯಿತೆಂದು ನನ್ನ ಎಣಿಕೆ.

ಮಧ್ಯಾಹ್ನ ಹದಿನೈದನೆಯ ಬೀದಿಗೆ ಹೋದೆವು. 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯ ಹಳೆಯ ಕಟ್ಟಡ ಇದ್ದ ಜಾಗ. ಈಗ ಅಲ್ಲಿ ಗಾಜಿನ ಆಫೀಸು ಗೋಪುರ. ಅಡ್ಡಾಡುವವರಲ್ಲಿ ಯಾರನ್ನು ಕೇಳಿದರೂ ಗೊತ್ತಿರಲಾರದು, ಇಲ್ಲಿನ ಅಚ್ಚುಕೋಣೆಯಲ್ಲಿ ಒಂದು ಕಾಲಕ್ಕೆ ನೂರಕ್ಕೂ ಹೆಚ್ಚು ಕಿವುಡರು ಕೆಲಸ ಮಾಡುತ್ತಿದ್ದರೆಂದು. ಸಾಲು ಸಾಲು ಯಂತ್ರಗಳ ಗದ್ದಲದಲ್ಲಿ ಕೇಳುವವರು ಒಬ್ಬರ ಕಿವಿಗೊಬ್ಬರು ಬಾಯಿ ಇಟ್ಟು ಕೂಗಿಕೊಳ್ಳುವಾಗ, ಇವರು ಕೋಣೆಯ ಈ ತುದಿಯಿಂದ ಆ ತುದಿಗೆ ಸಲೀಸಾಗಿ ಮಾತಾಡುತ್ತಿದ್ದರು. ಜೊತೆಗೆಲಸದವರಲ್ಲಿ ಎಷ್ಟೋ ಮಂದಿ ಬೆರಳಕ್ಷರ ಕಲಿತರು. ಒಂದು ಕೋಣೆಯೊಳಗಾದರೂ ಕೇಳುವವರು ಕಿವುಡರ ಭಾಷೆ ಕಲಿಯಬೇಕಾಗಿ ಬಂತು ಎಂಬುದೇ ನನಗೆ ದೊಡ್ಡ ಸಂಗತಿ.

ಇದನ್ನೆಲ್ಲ ನೆಟ್ಟಗೆ ನಿಲ್ಲಿಸಿದ್ದು ಅಕ್ಷರಜೋಡಕರ ಯೂನಿಯನ್. 1852ರಲ್ಲಿ ಕಟ್ಟಿದ್ದು. ಅದರ ಕಾರ್ಡು ಕೈಯಲ್ಲಿದ್ದರೆ ದೇಶದ ಯಾವ ಊರಿನ ಯೂನಿಯನ್ ಪ್ರೆಸ್ಸಿಗೆ ಹೋದರೂ ಬದಲಿ ಆಳಾಗಿ ಹೆಸರು ಬರೆಸಿ ಪಾಳಿಗೆ ನಿಲ್ಲಬಹುದು. ಕೇಳುವವರಿಗೆ ಎಷ್ಟು ಕೂಲಿಯೋ ಇವರಿಗೂ ಅಷ್ಟೇ. ಹಾಗಾಗಿ ಕಿವುಡ ಮುದ್ರಣಕಾರರು ಊರೂರು ಸುತ್ತಿದರು, ಹೋದಲ್ಲೆಲ್ಲ ಅವರಿಗೊಂದು ಕಿವುಡರ ಕ್ಲಬ್ಬು, ಚೆಸ್ಸು, ಬೌಲಿಂಗು, ನೆಂಟಸ್ತಿಕೆ.

ಸಂಜೆ ಎಚ್ ಬೀದಿಯ ಸ್ಟಾರ್‌ಬಕ್ಸ್‌ಗೆ ಕಾಫಿಗೆ ಹೋದೆವು. 2018ರಲ್ಲಿ ತೆರೆದ ಅಂಗಡಿ, ಕೆಲಸದವರಿಗೆಲ್ಲ ಸನ್ನೆ ಭಾಷೆ ಬರುತ್ತದೆ. ಪಕ್ಕದ ಮೇಜಿನಲ್ಲಿದ್ದ ವಯಸ್ಸಾದವರೊಬ್ಬರು ನನ್ನ ಸೀರೆ ನೋಡಿ ನಕ್ಕು, ನನ್ನ ಟಿಪ್ಪಣಿ ಪುಸ್ತಕ ಕೇಳಿ ತೆಗೆದುಕೊಂಡು, ಯಾವ ದೇಶವೆಂದು ಬರೆದರು. ಮಾತು ಬೆಳೆಯಿತು. ಅವರೂ ಒಂದು ಪತ್ರಿಕೆಯಲ್ಲಿ ಲೈನೋಟೈಪ್ ಎಂಬ, ಸೀಸದ ಸಾಲು ಎರೆಯುವ ಯಂತ್ರದ ಮುಂದೆ ಕೂತವರೇ! ನಾನು ಎಲ್ಲೆಲ್ಲೂ ಓದಿದ ಮಾತನ್ನೇ ಬರೆದು ಕೇಳಿದೆ: ಕಿವಿ ಕೇಳದ್ದರಿಂದ ಗದ್ದಲ ಬಾಧಿಸುವುದಿಲ್ಲ, ಅದಕ್ಕೇ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಂಡರು ಅನ್ನುತ್ತಾರಲ್ಲ? ಅವರು ತಲೆ ಅಡ್ಡಡ್ಡ ಆಡಿಸಿ ಬಹಳ ಹೊತ್ತು ಬರೆದರು. ಗದ್ದಲ ಅಂಗಾಲಿನಿಂದ ಹತ್ತಿ ಎದೆಗೆ ಬರುತ್ತಿತ್ತು. ಕೆಲಸ ಕೊಟ್ಟದ್ದು ಸ್ಪೆಲ್ಲಿಂಗು ಬರುತ್ತಿತ್ತೆಂದು, ವೇಗ ಇತ್ತೆಂದು. ಹತ್ತು ವರ್ಷದವನಿದ್ದಾಗಿನಿಂದ ಶಾಲೆಯ ಪ್ರೆಸ್ಸಿನಲ್ಲಿ ನಿಂತಿದ್ದೆ.

ಆ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಗದ್ದಲದ ಕಾರಣ ಹೇಳಿ ಮುಗಿಸಿಬಿಡುವವರು, ಒಬ್ಬ ಮನುಷ್ಯನ ಇಪ್ಪತ್ತು ವರ್ಷದ ಕಲಿಕೆಯನ್ನು ಅವನ ಕಿವಿಯ ಲೆಕ್ಕಕ್ಕೆ ಬರೆಯುತ್ತಾರೆ. ಅಮೆರಿಕದ ಈ ಕಿವುಡರಿಗೂ ನನ್ನ ಚಿಕ್ಕಪ್ಪನಿಗೂ ಇದ್ದ ವ್ಯತ್ಯಾಸ ಕಿವಿಯದ್ದಲ್ಲ. ಅವರಿಗೆ ಹತ್ತು ವರ್ಷಕ್ಕೇ ಮೊಳೆ ಮುಟ್ಟಲು ಕೊಟ್ಟರು.

ನಾಲ್ಕನೆಯ ದಿನ, ಶುಕ್ರವಾರ

ಬೆಳಿಗ್ಗೆಯಿಂದ ಮಳೆ. ಕಾರಿನಲ್ಲಿ ಫ್ರೆಡರಿಕ್ ಊರಿಗೆ. 1868ರಲ್ಲಿ ಶುರುವಾದ ಮೇರಿಲ್ಯಾಂಡ್ ಕಿವುಡರ ಶಾಲೆ, ಹೆಸ್ಸಿಯನ್ ಬ್ಯಾರಕ್ಸ್ ಎಂಬ ಹಳೆಯ ಸೈನಿಕರ ಕಲ್ಲು ಮನೆಯ ಆವರಣದಲ್ಲಿದೆ. ಬಾಲ್ಟಿಮೋರ್‌ನಲ್ಲಿ ಹುಟ್ಟಿದ ವೆಡಿಟ್ಸ್ ಓದಿದ್ದು ಇಲ್ಲೇ. ಈ ಶಾಲೆಗೂ 'ಮೇರಿಲ್ಯಾಂಡ್ ಬುಲೆಟಿನ್' ಎಂಬ ತನ್ನ ಪತ್ರಿಕೆ. ತರಗತಿಯ ಹೊತ್ತು, ಒಳಗೆ ಹೋಗಲಿಲ್ಲ. ಕೊಡೆ ಹಿಡಿದು ಸುತ್ತು ಹಾಕಿ, ಬಿಸಿ ಸೂಪು ಕುಡಿದು ಮರಳಿದೆವು.

ಐದನೆಯ ದಿನ, ಶನಿವಾರ

ಬಾಲ್ಟಿಮೋರ್. ಬಂದರಿನ ಅಂಚಿಗೆ, ಹಿಂದೆ ಸಿಂಪಿಯ ಮಾಂಸ ಡಬ್ಬಿ ತುಂಬುತ್ತಿದ್ದ ಕಾರ್ಖಾನೆಯಲ್ಲಿ ಕೈಗಾರಿಕಾ ಮ್ಯೂಸಿಯಂ ಇದೆ. ಅದರೊಳಗೊಂದು ಅಚ್ಚುಕೂಟ. ಬಾಗಿಲಲ್ಲೇ ಮಸಿ, ಸೀಮೆಎಣ್ಣೆ, ಹಳೆಯ ಕಾಗದ ಬೆರೆತ ಆ ವಾಸನೆ. ಅಪ್ಪನ ಅಂಗಿಯದ್ದು.

ಕೇಸು ನೋಡಿದೆ. ಇಂಗ್ಲಿಷಿಗೆ ಒಂದೇ ಕೇಸಿನಲ್ಲಿ ಎಂಬತ್ತೊಂಬತ್ತು ಖಾನೆ ಸಾಕು. ನಮ್ಮ ಕಾಗುಣಿತ, ಒತ್ತಕ್ಷರಗಳಿಗೆಲ್ಲ ಗೋಡೆಯುದ್ದ ಕೇಸು ಬೇಕಿತ್ತು. ಅಪ್ಪನ ಕೈ ನೋಡದೆಯೇ ಅಲ್ಲಿಗೆ ಹೋಗುತ್ತಿತ್ತು.

ಲೈನೋಟೈಪ್ ಹುಟ್ಟಿದ್ದು ಈ ಊರಿನಲ್ಲೇ. ಜರ್ಮನಿಯಿಂದ 1872ರಲ್ಲಿ ಬಂದ ಆಟ್ಮಾರ್ ಮರ್ಗೆಂಥಾಲರ್ ಎಂಬ ಗಡಿಯಾರ ಕೆಲಸದವರು ಕಟ್ಟಿದ ಯಂತ್ರ. 1886ರ ಜುಲೈನಲ್ಲಿ 'ನ್ಯೂಯಾರ್ಕ್ ಟ್ರಿಬ್ಯೂನ್' ಪತ್ರಿಕೆಯಲ್ಲಿ ಕೆಲಸಕ್ಕೆ ನಿಂತಿತು. ಎದುರಿಗೆ ತೊಂಬತ್ತು ಕೀಲಿ. ಒಂದು ಕೀಲಿ ಒತ್ತಿದರೆ ಮೇಲಿನ ಪೆಟ್ಟಿಗೆಯಿಂದ ಒಂದು ಹಿತ್ತಾಳೆಯ ಅಚ್ಚು ಟಿಣ್ಣನೆ ಜಾರಿ ಬರುತ್ತದೆ. ಸಾಲು ತುಂಬಿದ ಮೇಲೆ ಹಿಡಿಕೆ ಎತ್ತಿದರೆ ಕರಗಿದ ಸೀಸ ಅಚ್ಚುಗಳಿಗೆ ನುಗ್ಗಿ, ಇಡೀ ಸಾಲು ಒಂದೇ ತುಂಡಾಗಿ ಬಿಸಿಬಿಸಿ ಹೊರಬೀಳುತ್ತದೆ. ಆಮೇಲೆ ಒಂದು ಉದ್ದನೆಯ ಕೈ ಇಳಿದು ಅಚ್ಚುಗಳನ್ನು ಎತ್ತಿಕೊಂಡು ಹೋಗಿ, ಪ್ರತಿಯೊಂದನ್ನೂ ಅದರದರ ಖಾನೆಗೆ ತಾನೇ ಹಾಕುತ್ತದೆ. ಅಪ್ಪ ರಾತ್ರಿ ಒಂಬತ್ತರವರೆಗೆ ಕೂತು ಕಣ್ಣು ಉಜ್ಜಿಕೊಳ್ಳುತ್ತಾ ಮೊಳೆ ಬಿಡಿಸಿ ಹಾಕುತ್ತಿದ್ದ ಕೆಲಸ ಅದು. ಆ ಕೈ ಇಳಿದಾಗ ನನ್ನ ಕಣ್ಣು ತುಂಬಿತು.

ಯಂತ್ರ ಬಂದಾಗ ಕಿವುಡರ ಶಾಲೆಗಳು ಹೆದರಿ ಕೂರಲಿಲ್ಲ. ಶಾಲೆಯ ಪ್ರೆಸ್ಸಿಗೂ ಲೈನೋಟೈಪ್ ತಂದು ಹುಡುಗರನ್ನು ಕೂರಿಸಿದವು. ಎರಡನೆಯ ಮಹಾಯುದ್ಧದ ಹೊತ್ತಿಗೆ ಕೈ ಸಾಲದ ಪತ್ರಿಕೆಗಳು ಇವರನ್ನು ಕರೆದು ಕೂರಿಸಿಕೊಂಡವು.

ಎಲ್ಲರಿಗೂ ಈ ಬಾಗಿಲು ತೆರೆದಿರಲಿಲ್ಲ. ಈ ಊರಿನಲ್ಲಿ ಇದ್ದುಕೊಂಡು ಅದನ್ನು ಹೇಳದೆ ಇರಲಾರೆ. 1905ರಲ್ಲಿ ಗ್ಯಾಲಡೆಟ್ ಆವರಣದ ಕೆಂಡಲ್ ಶಾಲೆಯಿಂದ ಕಪ್ಪು ಮಕ್ಕಳನ್ನು ತೆಗೆದು ಬಾಲ್ಟಿಮೋರ್‌ನ ಬೇರೆ ಶಾಲೆಗೆ ಸಾಗಿಸಿದರು. ಸುಮಾರು ಐವತ್ತು ವರ್ಷ ವಾಷಿಂಗ್ಟನ್ನಿನ ಕಪ್ಪು ಕಿವುಡ ಮಕ್ಕಳು ಮನೆ ಬಿಟ್ಟು ಇಷ್ಟು ದೂರ ಬರಬೇಕಾಯಿತು. ಲೂಯಿಸ್ ಮಿಲ್ಲರ್ ಎಂಬ ತಾಯಿ ತನ್ನ ಮಗನಿಗಾಗಿ ನ್ಯಾಯಾಲಯಕ್ಕೆ ಹೋಗಿ 1952ರಲ್ಲಿ ಗೆದ್ದರು. ಗೆದ್ದ ಮೇಲೂ ಆ ಮಕ್ಕಳಿಗೆ ಅದೇ ಆವರಣದಲ್ಲಿ ಬೇರೆ ಕಟ್ಟಡ. ಅಲ್ಲಿ ಓದಿದ ಇಪ್ಪತ್ತನಾಲ್ಕು ಮಂದಿಗೆ ಗ್ಯಾಲಡೆಟ್ ಪ್ರಮಾಣಪತ್ರ ಕೊಟ್ಟಿದ್ದು 2023ರಲ್ಲಿ. ಮೊದಲ ದಿನ ಆ ಪ್ರತಿಮೆಯ ಮುಂದೆ ನಿಂತಾಗ ನನಗಿದು ತಿಳಿದಿರಲಿಲ್ಲ. ಇನ್ನೊಮ್ಮೆ ಹೋಗಿ ನಿಲ್ಲಬೇಕು.

ಕಥೆಯ ಕೊನೆ ನಮ್ಮ ಹಾಸನದ್ದೇ. ಕಂಪ್ಯೂಟರು ಬಂತು. 1978ರ ಜುಲೈನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಕೊನೆಯ ಸೀಸದ ಪುಟ ಕಟ್ಟಿತು. ಉಳಿದ ಪತ್ರಿಕೆಗಳೂ ಹಿಂದೆ ಮುಂದೆ ಅದೇ ದಾರಿ. ಹಳಬರಿಗೆ ಬದುಕಿರುವಷ್ಟು ಕಾಲ ಕೆಲಸದ ಖಾತರಿಯನ್ನು ಯೂನಿಯನ್ ಕೆಲವು ಕಡೆ ಬರೆಸಿಕೊಂಡಿತ್ತು, ಹೊಸಬರು ಬರಲಿಲ್ಲ. 1987ರ ಹೊತ್ತಿಗೆ ಯೂನಿಯನ್ನೇ ಬೇರೊಂದರಲ್ಲಿ ಲೀನವಾಯಿತು. ಹಾಸನದ ಪ್ರೆಸ್ಸಿನಲ್ಲಿ ಮೊಳೆಗಳನ್ನು ತೂಕಕ್ಕೆ ಹಾಕಿ ಮಾರಿದ ದಿನ ಅಪ್ಪ ಊಟ ಮಾಡಲಿಲ್ಲ. ಅಲ್ಲಿ ಯಾವ ಖಾತರಿಯೂ ಇರಲಿಲ್ಲ.

ಯಂತ್ರ ನಡೆಸುತ್ತಿದ್ದ ಸ್ವಯಂಸೇವಕರು ಒಂದು ಹೆಸರು ಬರೆದುಕೊಡಿ, ಎರಕ ಹೊಯ್ದು ಕೊಡುತ್ತೇನೆ ಎಂದರು. ಚಿಕ್ಕಪ್ಪನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಲೈನೋಟೈಪಿನಲ್ಲಿ ಒಂದು ಅಕ್ಷರ ತಪ್ಪಿದರೂ ಇಡೀ ಸಾಲನ್ನು ಮತ್ತೆ ಎರಕ ಹೊಯ್ಯಬೇಕು, ಸರಿಯಾಗಿದೆಯಾ ನೋಡಿ ಎಂದರು. ಸರಿ ಎಂದೆ. ಸಾಲು ಬಿತ್ತು. ಕರವಸ್ತ್ರದಲ್ಲಿ ಸುತ್ತಿಕೊಂಡರೂ ಬಹಳ ಹೊತ್ತು ಬೆಚ್ಚಗಿತ್ತು.

ರಾತ್ರಿ ಒಂಬತ್ತೂವರೆಗೆ ಊರಿಗೆ ವೀಡಿಯೊ ಕರೆ ಮಾಡಿದೆವು. ಅಲ್ಲಿ ಭಾನುವಾರ ಬೆಳಿಗ್ಗೆ ಏಳು ಗಂಟೆ, ಚಿಕ್ಕಪ್ಪ ಕಾಫಿ ಕುಡಿಯುತ್ತಿದ್ದರು. ಎಡ ಅಂಗೈ ಚಾಚಿ, ಬಲಗೈಯಲ್ಲಿ ಚಿವುಟಿ, ಇಲ್ಲಿನ ಕಿವುಡರೂ ಹೀಗೇ ಅನ್ನುತ್ತಾರೆ ಎಂದು ಹೇಳಲು ಹೆಣಗಿದೆ. ಎಷ್ಟು ಮುಟ್ಟಿತೋ ತಿಳಿಯದು. ಅಣ್ಣನನ್ನು ನೆನೆಯುತ್ತಿದ್ದೇನೆಂದು ಅಂದುಕೊಂಡರೇನೋ, ತಲೆದೂಗಿದರು.

ಆಮೇಲೆ ಸೀಸದ ಸಾಲನ್ನು ಕ್ಯಾಮೆರಾ ಮುಂದೆ ಹಿಡಿದೆ. ಅವರು ಲೋಟ ಕೆಳಗಿಟ್ಟು, ಕೈ ಬೀಸಿ ತಿರುಗಿಸು ಎಂದರು. ಅಕ್ಕನ ಮಗನಿಗೆ ಅರ್ಥವಾಗಲಿಲ್ಲ. ನನಗಾಯಿತು. ಮೊಳೆ ಜೋಡಿಸುವವರು ಸಾಲನ್ನು ತಲೆಕೆಳಗಾಗಿ ಹಿಡಿದು ಎಡದಿಂದ ಬಲಕ್ಕೆ ಓದುತ್ತಾರೆ. ಅಪ್ಪ ಹಾಗೇ ಓದುತ್ತಿದ್ದರು. ತಲೆಕೆಳಗು ಮಾಡಿ ಹಿಡಿದೆ.

ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಪರದೆಗೆ ಮುಖ ತಂದರು. ತೋರುಬೆರಳು ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರದ ಮೇಲೆ ನಡೆಯಿತು. ನಾಲ್ಕನೆಯ ಅಕ್ಷರದ ಮೇಲೆ ನಿಂತಿತು. ಎದ್ದು ಹೋಗಿ ಬ್ಯಾಂಕಿನ ಪಾಸ್‌ಬುಕ್ ತಂದು, ಅದರಲ್ಲಿದ್ದ ತಮ್ಮ ಹೆಸರನ್ನು ತೋರಿಸಿ, ಎರಡು ಬೆರಳೆತ್ತಿದರು. 'ಎಸ್' ಎರಡು ಬರಬೇಕು. ನಾನು ಬರೆದುಕೊಟ್ಟದ್ದು ಒಂದೇ.

"ಚಿಕ್ಕಮ್ಮ, ನಾಳೆಯೂ ಮ್ಯೂಸಿಯಂ ತೆಗೆದಿರುತ್ತೆ" ಎಂದ ಅಕ್ಕನ ಮಗ.